ಜಂಗು ಬಿಚ್ಚಿಟ್ಟು ಜವಳಕ್ಕೆ ಹೋದದ್ದು

ಸರ್ಕಾರಿ ಲೆಕ್ಕದ ಫಸಲಿ ವರ್ಷ ೧೩೩೧, ಖುರ್ದಾದ್ ತಿಂಗಳ ಹದಿನಾಲ್ಕು. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ.

ಈ ಹೊತ್ತಿಗೆ ನಾನು ಉಮರ್ಗಾದ ಬೀದಿಯಲ್ಲಿ ನಾಲ್ಕನೆಯ ಮನೆಯ ಮುಂದೆ ಇರಬೇಕಾದವನು. ನಮ್ಮದು ಅಯ್ಯನವರ ಮನೆತನ. ಮೊಣಕಾಲಿನ ಕೆಳಗೆ ಜಂಗು, ಅಂದರೆ ಗೆಜ್ಜೆಸರ, ಕಟ್ಟಿಕೊಂಡು ಹೆಗಲಿಗೆ ಜೋಳಿಗೆ ಹಾಕಿಕೊಂಡು ದಿನವೂ ಬೆಳಗ್ಗೆ ಭಕ್ತರ ನಲವತ್ತಮೂರು ಮನೆಗಳಿಗೆ ಭಿಕ್ಷೆಗೆ ಹೋಗುವುದು, ಆ ಮನೆಗಳಲ್ಲಿ ಹುಟ್ಟು, ಮದುವೆ, ಹೊಸಮನೆ ಏನೇ ಇದ್ದರೂ ಮುಂದೆ ನಿಂತು ನಡೆಸಿಕೊಡುವುದು ನಮ್ಮ ಕೆಲಸ. ತಂದೆ ತೀರಿಕೊಂಡಾಗ ನನಗೆ ಹದಿನೆಂಟು. ಈಗ ಇಪ್ಪತ್ತಮೂರು. ನಡುವಿನ ಐದು ವರ್ಷಗಳಲ್ಲಿ, ಕಳೆದ ತಿಂಗಳೊಂದನ್ನು ಬಿಟ್ಟರೆ, ನಾನು ಭಿಕ್ಷೆ ತಪ್ಪಿಸಿದ್ದು ಒಟ್ಟು ಇಪ್ಪತ್ತೈದು ದಿನ. ಹನ್ನೊಂದು ಜ್ವರಕ್ಕೆ, ಹದಿನಾಲ್ಕು ಪ್ರಯಾಣಕ್ಕೆ. ಎಲ್ಲವೂ ನನ್ನ ವಹಿಯಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ಇದೆ. ತಂದೆಯ ಕಿಸೆ ಗಡಿಯಾರ ನನ್ನ ಪಾಲಿಗೆ ಬಂದ ದಿನದಿಂದ ನಾನು ಎಲ್ಲವನ್ನೂ ಬರೆದಿಡುತ್ತೇನೆ.

ಬರೆಯಬೇಕಾದದ್ದು ಕಳೆದ ತಿಂಗಳ ಮಾತು.

ನನ್ನ ಅಕ್ಕನನ್ನು ಉದಗೀರಕ್ಕೆ ಕೊಟ್ಟಿದೆ. ಆಕೆಗೆ ಮೂರು ಮಕ್ಕಳು. ಮಗುವಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಸುವ ಜವಳದಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ, ಆದ್ದರಿಂದ ಆ ತೊಡೆ ನನ್ನದೇ ಆಗಬೇಕು. ಆದರೆ ಮೊದಲ ಮಗನ ಜವಳದ ದಿನ ಅಲ್ಲಿಯ ಅಯ್ಯನವರಿಗೆ ಹುಷಾರಿರಲಿಲ್ಲ. "ನೀವೇ ಇದ್ದೀರಲ್ಲ" ಎಂದರು, ನಾನು ತಂಬಿಗೆ ವಿಭೂತಿ ಹಿಡಿದು ಕೂತೆ. ಪೂಜೆಗೆ ಕೂತವನ ತೊಡೆ ಖಾಲಿ ಇರುವುದಿಲ್ಲ. ಮಗು ಪಕ್ಕದ ಮನೆಯವರ ತೊಡೆಯ ಮೇಲೆ ಕೂತಿತು. ಎರಡನೆಯ ಮಗಳ ಜವಳಕ್ಕೆ ನಾನು ಮಾವನಾಗಿಯೇ ಹೋಗಿದ್ದೆ. ಅಲ್ಲಿಯ ಅಯ್ಯನವರು ನೀರು ಚಿಮುಕಿಸುವ ಮೊದಲೇ ವಿಭೂತಿಗೆ ಕೈ ಹಾಕಿದರು. ನಾನು, "ಹಂಗಲ್ರೀ, ನೀರು ಮೊದಲ" ಎಂದೆ. ಅವರು "ನಮ್ಮಲ್ಲಿ ಹಿಂಗ" ಎಂದರು. ಇಬ್ಬರೂ ಎದ್ದು ಅಂಗಳಕ್ಕೆ ಹೋಗಿ ಇಪ್ಪತ್ತು ನಿಮಿಷ ವಾದ ಮಾಡಿದೆವು. ಒಳಗೆ ಬಂದಾಗ ಮಗಳ ತಲೆ ನುಣ್ಣಗಾಗಿತ್ತು. ವಲಾಂಡಿಯಿಂದ ಊಟಕ್ಕೆಂದು ಬಂದಿದ್ದ ಭಾವನ ಗೆಳೆಯರೊಬ್ಬರು ತೊಡೆ ಕೊಟ್ಟಿದ್ದರು. ಅಕ್ಕ ಆ ದಿನ ನನ್ನ ಎಲೆಗೆ ಹೋಳಿಗೆ ಹಾಕಿ, ತುಪ್ಪ ಹಾಕದೆ ಮುಂದೆ ಹೋದಳು. ಅದನ್ನೂ ಬರೆದಿಟ್ಟಿದ್ದೇನೆ.

ಈ ವರ್ಷ ಫರವರ್ದಿ ಇಪ್ಪತ್ತೆರಡರಂದು ಉದಗೀರದ ಕಡೆಯಿಂದ ಬಂದ ಬಳೆಗಾರ ನಮ್ಮ ಕಟ್ಟೆಯ ಮೇಲೆ ಬಳೆಗಳ ಮಲಾರ ಇಳಿಸಿ, ಅವ್ವ ಕೊಟ್ಟ ನೀರು ಕುಡಿದು, ಗಂಟಲು ಸರಿಮಾಡಿಕೊಂಡ.

"ಅಯ್ಯನೋರ, ನಿಮ್ಮ ಅಕ್ಕಾರು ಹಿಂಗಂತ ಹೇಳಂದಾರ. ‘ಬರೋ ತಿಂಗಳ ಹದಿನೆಂಟಕ್ಕ ಮೂರನೇದರ ಜವಳ ಅದ. ಇದ ಕಡೀದು. ಸ್ವಾಮೇರು ಬರೋದು ಬ್ಯಾಡ, ನಮ್ಮೂರಾಗ ಸ್ವಾಮೇರು ಭಾಳ ಅದಾರ. ನನ್ನ ತಮ್ಮ ಬರ್ತಾನಂದ್ರ ಬರ್ಲಿ.’ ಇಷ್ಟ ರೀ. ನಾ ಒಂದು ಮಾತು ಕೂಡ್ಸಿಲ್ಲ, ಒಂದು ಬಿಟ್ಟಿಲ್ಲ."

"ಮತ್ತೇನಂದ್ಳು?" ಎಂದು ಅವ್ವ ಕೇಳಿದಳು.

"ಮತ್ತೇನು ಅಂದಿಲ್ರೀ ಅವ್ವಾರ. ಖರೇ ಅಂದ್ರ, ಹಿಂಗ ಅನ್ನುಮುಂದ ಸೊಂಟದ ಮ್ಯಾಲ ಕೈ ಇಟ್ಕೊಂಡಿದ್ರು."

ಅವ್ವ ನನ್ನನ್ನು ನೋಡಿದಳು. "ಹೋಗಿ ಕುಂತ್ರೂ ನಿನ್ನ ತೆಲಿ ಇಲ್ಲೇ ನಲವತ್ತಮೂರು ಮನಿ ತಿರಗತಿರ್ತದ. ಈ ಸಲ ಹಿಂದ ನಡಿ," ಎಂದಳು.

ಹಿಂದೆ ನಡೆಯುವುದು ನಮ್ಮ ಮನೆಯ ಪದ್ಧತಿ. ಅಯ್ಯನಾದವನು ಊರು ಬಿಟ್ಟು ಸೂಟಿಗೆ, ಅಂದರೆ ರಜೆಗೆ, ಹೋಗುವ ಮೊದಲು ಎಂಟು ದಿನ ತನ್ನ ಜಂಗಿನ ಗೆಜ್ಜೆಗಳಿಗೆ ಅರಳೆ ತುರುಕಿ ಮೂಕಾಗಿಸಿಕೊಳ್ಳಬೇಕು. ಬದಲಿಗೆ ಬಂದವನು ಬೇರೆ ಜಂಗು ಕಟ್ಟಿ ಮುಂದೆ ನಡೆಯಬೇಕು, ಇವನು ಅವನ ಹಿಂದೆ. ಭಿಕ್ಷೆ ಮುಂದಿನವನ ಜೋಳಿಗೆಗೆ ಬೀಳಬೇಕು, ಹಿಂದಿನವನು ಬಾಯಿ ತೆರೆಯಬಾರದು. ಮನೆಗಳಿಗೆ ಹೊಸ ಗೆಜ್ಜೆಯ ಸದ್ದು ರೂಢಿಯಾಗಬೇಕು, ಹಳಬನಿಗೆ ಸುಮ್ಮನಿರುವುದು ರೂಢಿಯಾಗಬೇಕು. ಎಂಟನೆಯ ದಿನ ಮುಗಿದ ಮೇಲೆ ಅರಳೆ ತೆಗೆದು ಆ ಜಂಗನ್ನೇ ಬದಲಿಯವನ ಕಾಲಿಗೆ ಕಟ್ಟಿ ಹೊರಡಬೇಕು. ತಂದೆ ಹೀಗೆ ಮಾಡಿದ್ದನ್ನು ಅವ್ವ ಎರಡು ಸಲ ನೋಡಿದ್ದಳು. ನಾನು ಹಿಂದಿನ ಸಲ ಉದಗೀರಕ್ಕೆ ಹೋದಾಗ ಇದನ್ನೆಲ್ಲ ಮಾಡಲು ಪುರಸೊತ್ತಿಲ್ಲ ಎಂದು ಬಿಟ್ಟಿದ್ದೆ.

ಬದಲಿಗೆ ಬಂದವನು ಗುಂಜೋಟಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು. ಅವನಿಗೆ ಹೊಲದ ಕೆಲಸವೇ ಹೆಚ್ಚು, ಅಯ್ಯತನ ಹಬ್ಬ ಹುಣ್ಣಿಮೆಗೆ ಮಾತ್ರ. ಜೋಳದ ರಾಶಿ ಮುಗಿಸಿ, ಕೂದಲಲ್ಲಿ ಇನ್ನೂ ಹೊಟ್ಟು ಇರುವಾಗಲೇ ಬಂದ. ಅವನಿಗಾಗಿ ನಾನು ಒಂದು ವಹಿ ತಯಾರು ಮಾಡಿದ್ದೆ. ನಲವತ್ತಮೂರು ಮನೆ, ಮನೆಗೆ ಮೂರು ಸಾಲು. ಹನ್ನೊಂದನೆಯ ಮನೆಯ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ; ಹನ್ನೆರಡನೆಯದು ಬೊಗಳುವುದಿಲ್ಲ. ಹತ್ತೊಂಬತ್ತನೆಯ ಮನೆಯ ಮುದುಕಿಗೆ ಎಡಗಿವಿ ಮಂದ, ಬಲಕ್ಕೆ ನಿಲ್ಲಬೇಕು. ಇಪ್ಪತ್ತಾರನೆಯ ಮನೆಯಲ್ಲಿ ಎಮ್ಮೆಯ ಸುದ್ದಿ ಎತ್ತಬಾರದು, ಎತ್ತಿದರೆ ಮುಗಿಯುವುದಿಲ್ಲ. ಒಂದು ಮನೆಗೆ ಮೂರು ನಿಮಿಷ.

ಅಣ್ಣ ವಹಿಯನ್ನು ತಿರುವಿ ನೋಡಿ ನನ್ನ ಕೈಗೇ ಕೊಟ್ಟ. "ತಮ್ಮಾ, ಇಷ್ಟು ಓದ್ಕೋತ ನಿಂತ್ರ ರೊಟ್ಟಿ ಆರ್ತಾವ."

"ಓದಬ್ಯಾಡ, ಬಾಯಿಪಾಠ ಮಾಡ್ಕೋ."

"ಶಿವನ ಹೆಸರು ಬಿಟ್ಟು ಬ್ಯಾರೆ ಏನೂ ಬಾಯಿಪಾಠ ಮಾಡಬಾರದಂತ ನಮ್ಮಪ್ಪ ಹೇಳ್ಯಾನ."

ಮರುತಿಂಗಳು, ಅರ್ದಿಬೆಹಿಷ್ತ್ ನಾಲ್ಕರಂದು, ಹಿಂದೆ ನಡೆಯಲು ಶುರು ಮಾಡಿದೆ. ಆ ದಿನದ ಪುಟದಲ್ಲಿ ‘ಬಾಯಿ’ ಎಂದು ಒಂದು ಅಂಕಣ ಎಳೆದೆ. ನಾನು ಮಾತಾಡಿ ಕೆಡಿಸಿದ ಪ್ರತಿ ಸಲಕ್ಕೂ ಒಂದು ಗೀಟು. ಮೊದಲ ದಿನ ಮೂವತ್ತೊಂದು. ಅದರಲ್ಲಿ ಒಂಬತ್ತು "ನಡಿ ನಡಿ" ಎಂಬುದಕ್ಕೆ. ಅಣ್ಣ ಒಂದೊಂದು ಮನೆಯ ಮುಂದೆ ನಿಂತರೆ ನೆಲಕ್ಕೆ ನೆಟ್ಟ ಕಂಬದಂತೆ ನಿಲ್ಲುತ್ತಿದ್ದ. ನಾನು ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ. ಒಂಬತ್ತೂವರೆಗೆ ಮುಗಿಯಬೇಕಾದದ್ದು ಹನ್ನೊಂದೂಕಾಲಕ್ಕೆ ಮುಗಿಯಿತು.

ಎರಡನೆಯ ದಿನ ಇಪ್ಪತ್ತೇಳು. ಮೂರನೆಯ ದಿನ ಮೂವತ್ತನಾಲ್ಕು, ಏಕೆಂದರೆ ಅಣ್ಣ ಇಪ್ಪತ್ತಾರನೆಯ ಮನೆಯಲ್ಲಿ ಜೋಳಿಗೆ ತೆಗೆದು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತು, "ಎಮ್ಮಿ ಹೆಂಗದ ಯವ್ವಾ?" ಎಂದು ತಾನಾಗಿಯೇ ಕೇಳಿದ. ಒಂದೇ ಮನೆಯಲ್ಲಿ ನನಗೆ ಏಳು ಗೀಟು ಬಿದ್ದವು.

ಅದೇ ದಿನ ಹತ್ತೊಂಬತ್ತನೆಯ ಮನೆಯ ಮುದುಕಿ ಅಣ್ಣನ ಭುಜದ ಮೇಲಿಂದ ನನ್ನನ್ನು ಇಣುಕಿ ನೋಡಿದಳು.

"ಅಯ್ಯನೋರ, ಹಿಂದ ಯಾಕ ನಿಂತೀರಿ? ಮಾಡಬಾರದ್ದು ಏನರೆ ಮಾಡೀರೇನು?"

ನಾನು ಬಾಯಿ ಮುಚ್ಚಿಕೊಂಡೆ. ಅಣ್ಣ, "ಸೂಟಿ ಕಲೀಲಾಕತ್ತಾನ ಯಮ್ಮಾ," ಎಂದ.

"ಸೂಟೀನೂ ಕಲೀಬೇಕೇನು? ನಮ್ಮ ಮನ್ಯಾಗಿನ ಗಂಡಸರಿಗಿ ಹುಟ್ಟತಲೇ ಬರ್ತದ," ಎಂದು ಮುದುಕಿ ರೊಟ್ಟಿ ಹಾಕಿದಳು. ಒಳಗಿನಿಂದ ಯಾವುದೋ ಗಂಡು ದನಿ ಕೆಮ್ಮಿತು. ಅಣ್ಣ ಎಡಗಿವಿಯ ಕಡೆಯೇ ನಿಂತಿದ್ದ. ಆಕೆಗೆ ಎಲ್ಲವೂ ಕೇಳಿಸಿತ್ತು. ಅವನ ದನಿ ಹಾಗಿದೆ.

ನಾಲ್ಕನೆಯ ದಿನ ಹದಿನಾರು. ಐದನೆಯ ದಿನ ಹನ್ನೆರಡು. ಆ ದಿನ ಇಪ್ಪತ್ತಾರನೆಯ ಮನೆಯಾಕೆ ನನಗೆ, "ನೀವು ಆರಾಮ್ ಹೋಗಿ ಬರ್ರಿ ಅಯ್ಯನೋರ. ಇವರು ಅದಾರಲ್ಲ," ಎಂದಳು. ಒಳ್ಳೆಯ ಮಾತೇ. ಆದರೂ ಮನೆಗೆ ಬರುವವರೆಗೆ ಆ ಮಾತು ಚಪ್ಪಲಿಯೊಳಗೆ ಸಿಕ್ಕ ಹರಳಿನ ಹಾಗೆ ಒತ್ತುತ್ತಿತ್ತು. ಐದು ವರ್ಷ ಆಕೆಯ ಬಾಗಿಲಿಗೆ ಸರಿಯಾಗಿ ಎಂಟೂ ಇಪ್ಪತ್ತಕ್ಕೆ ಹೋಗಿದ್ದೇನೆ. ಎಮ್ಮೆ ಹೇಗಿದೆ ಎಂದು ಕೇಳಿಲ್ಲ.

ಆರನೆಯ ದಿನ ಒಂಬತ್ತು. ಏಳನೆಯ ದಿನ ಮೂರು. ಎಂಟನೆಯ ದಿನ ಸೊನ್ನೆ. ಮನೆಗೆ ಬಂದು ಸೊನ್ನೆಯನ್ನು ದೊಡ್ಡದಾಗಿ ಬರೆದು ಅವ್ವನಿಗೆ ತೋರಿಸಿದೆ. ಆಕೆಗೆ ಓದು ಬಾರದಿದ್ದರೂ ಸೊನ್ನೆ ಗೊತ್ತು.

"ಚಲೋ ಆತು. ಇವತ್ತ ಅಂವಾ ಏನೇನು ತಪ್ಪಿದ?"

"ಹದಿನಾಲ್ಕನೇ ಮನ್ಯಾಗ ವಿಭೂತಿ ಕೊಡ್ಲಿಲ್ಲ. ಇಪ್ಪತ್ತೊಂದು ಬಿಟ್ಟು ಇಪ್ಪತ್ತೆರಡಕ್ಕ ಹೋಗಿ ಹೊಳ್ಳಿ ಬಂದ. ಮೂವತ್ತರಾಗ ಹದಿನೈದು ನಿಮಿಷ..."

ಅವ್ವ ಕೈ ಎತ್ತಿ ನಿಲ್ಲಿಸಿದಳು. "ಬಾಯಿ ಮುಚ್ಚೂದು ಎಂಟು ದಿವಸದಾಗ ಬಂತು ನಿನಗ. ತೆಲಿ ಮುಚ್ಚೂದು ಯಾರು ಕಲಸ್ತಾರೋ ನೋಡು."

ನಾನು ಒಳಗೆ ಹೋಗಿ ‘ಬಾಯಿ’ಯ ಪಕ್ಕದಲ್ಲಿ ‘ಮನಸ್ಸು’ ಎಂದು ಇನ್ನೊಂದು ಅಂಕಣ ಎಳೆದೆ. ಎಂಟನೆಯ ದಿನದ ಎದುರು ಪ್ರಾಮಾಣಿಕವಾಗಿ ಬರೆದೆ: ನಲವತ್ತಮೂರು. ಹೀಗೆಯೇ ಹೋದರೆ ಅಕ್ಕನ ಪಡಸಾಲೆಯಲ್ಲಿ ಮತ್ತೆ ಏನಾಗುವುದೋ ಎಂದು ಭಯವಾಯಿತು. ಆಕೆ ಇನ್ನೊಂದು ಸಲ ಕರೆಯುವುದಿಲ್ಲ, ಕರೆಯಲು ಇನ್ನೊಂದು ಜವಳವೂ ಇಲ್ಲ.

ಹನ್ನೆರಡರಂದು ಬೆಳಗ್ಗೆ ಐದೂವರೆಗೆ ಅರಳೆ ತೆಗೆದು ಜಂಗನ್ನು ಅಣ್ಣನ ಕಾಲಿಗೆ ಕಟ್ಟಿದೆ. ಗಡಿಯಾರವನ್ನೂ ಅವನಿಗೇ ಕೊಟ್ಟೆ. ಅವನು ಅದನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿದ, ಮತ್ತೆ ಮುಟ್ಟಲಿಲ್ಲ ಎಂದು ಆಮೇಲೆ ತಿಳಿಯಿತು. ಐದು ವರ್ಷ ಭಾರ ಹೊತ್ತ ಬಲಗಾಲು ಹಗುರಾಗಿ ನನಗೆ ಸರಿಯಾಗಿ ಹೆಜ್ಜೆಯೇ ಬರಲಿಲ್ಲ.

"ಕುಂಟಬ್ಯಾಡೋ, ನಾ ಹೊಡದು ಕಳಸೀನಿ ಅಂತಾರ ಮಂದಿ," ಎಂದು ಅಣ್ಣ ನಿಲಂಗಾದ ಕಡೆಗೆ ಹೊರಟಿದ್ದ ಕಡಲೆ ಚೀಲದ ಬಂಡಿಯಲ್ಲಿ ನನ್ನನ್ನು ಕೂಡಿಸಿದ.

ನಿಲಂಗಾದಲ್ಲಿ ಬಂಡಿಯವನ ಬೀಗರ ಮನೆಯಲ್ಲಿ ಉಳಿದೆ. ಮರುದಿನ ಬೆಳಗ್ಗೆ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಹೊಸ ಊರು ನೋಡೋಣವೆಂದು ಹೊರಗೆ ಬಂದೆ. ಎಷ್ಟು ದೂರ ನಡೆದೆನೋ ಗೊತ್ತಿಲ್ಲ. ಒಬ್ಬ ಹೆಂಗಸು ಬಾಗಿಲಿಗೆ ಬಂದು ನನ್ನ ಹೆಗಲಿನ ವಲ್ಲಿಯೊಳಗೆ ಬಿಸಿ ರೊಟ್ಟಿ ಹಾಕಿದಾಗ ಎಚ್ಚರಾಯಿತು. ವಲ್ಲಿಯ ಎರಡು ತುದಿ ಗಂಟು ಹಾಕಿ ಜೋಳಿಗೆ ಮಾಡಿಕೊಂಡಿದ್ದೆ. ಯಾವಾಗ ಹಾಕಿದೆನೋ ನೆನಪಿಲ್ಲ. ಒಳಗೆ ಆಗಲೇ ಎರಡು ರೊಟ್ಟಿ ಇದ್ದವು. ಅಂದರೆ ಇದು ಮೂರನೆಯ ಮನೆ.

ನಮ್ಮವರಲ್ಲಿ ಇದಕ್ಕಿಂತ ನಾಚಿಕೆಯ ಕೆಲಸ ಇಲ್ಲ. ಒಬ್ಬ ಅಯ್ಯನ ಮನೆಗಳಿಗೆ ಇನ್ನೊಬ್ಬ ಅಯ್ಯ ಕೇಳದೆ ಹೋಗಬಾರದು. ನಾನು ತಿರುಗಿ ಓಡಬೇಕು ಎನ್ನುವಾಗ ಬೀದಿಯ ತುದಿಯಿಂದ ಜಂಗಿನ ಸದ್ದು ಬಂತು. ಅರವತ್ತು ದಾಟಿದ, ಬಿಳಿ ಗಡ್ಡದ ಅಯ್ಯನವರು. ಅವರು ನನ್ನ ಹಣೆ ನೋಡಿದರು, ವಲ್ಲಿ ನೋಡಿದರು, ಬರಿಯ ಮೊಣಕಾಲು ನೋಡಿದರು.

"ಯಾವೂರಪ್ಪ?"

"ಉಮರ್ಗಾ ರೀ. ತಪ್ಪಾತ್ರಿ. ಗೊತ್ತಿಲ್ಲದ ಬಂದೆ."

"ಗೊತ್ತಿಲ್ಲದ ಒಂದು ಮನಿಗಿ ಬರಬಹುದು. ಮೂರು ಮನಿ?"

"ನಾ ಬಂದಿಲ್ರೀ. ಕಾಲು ಬಂದಾವ."

ಮುದುಕರು ಜೋರಾಗಿ ನಕ್ಕರು. ಪಕ್ಕದ ಬೇವಿನ ಕಟ್ಟೆಯ ಮೇಲೆ ಕೂತು ನನ್ನನ್ನೂ ಕೂಡಿಸಿದರು. ನಾನು ಬಳೆಗಾರನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬಾಯಿ, ಮನಸ್ಸು ಎರಡೂ ಅಂಕಣಗಳನ್ನು ತೋರಿಸಿದೆ. ಅವರು ವಹಿಯನ್ನು ದೂರ ಹಿಡಿದು ಓದಿದರು.

"ಲೆಕ್ಕ ಭಾಳ ಚಂದ ಬರದಿ. ಎಂಟು ದಿವಸ ಹಿಂದ ನಡದು ಮುಂದಿನವನ ಕಾಲೇ ನೋಡಿದಿ, ಹೌದಿಲ್ಲೋ?"

"ಹೌದ್ರೀ."

"ನಂದೊಂದು ಕೇಳು. ಒಂದು ಸಲ ನಮ್ಮನಿ ಎಮ್ಮಿ ಈಯಲಾಕತ್ತಿತ್ತು. ಕರ ಅಡ್ಡ ಆಗಿತ್ತು. ಕರದ ಎರಡೂ ಕಾಲು ನನ್ನ ಕೈಯಾಗ. ಹೊತ್ತು ಹೊಂಟದ್ದು ಗೊತ್ತಿಲ್ಲ, ಏರಿದ್ದು ಗೊತ್ತಿಲ್ಲ. ಮಧ್ಯಾಹ್ನ ಮನಿ ಮುಂದ ಹತ್ತು ಮಂದಿ ಬಂದು ನಿಂತಾರ, ಅಯ್ಯ ಸತ್ತನೋ ಇದ್ದಾನೋ ಅಂತ. ಅವತ್ತ ಭಿಕ್ಷಾ ಅನ್ನೂದು ಒಂದು ಅದ ಅಂತ ನನಗ ನೆನಪೇ ಇಲ್ಲ."

"ಕರ ಏನಾತ್ರಿ?"

"ಅದರ ಮೊಮ್ಮಗಳ ಹಾಲು ಈಗ ಕುಡೀತೀನಿ." ಅವರು ನನ್ನ ವಲ್ಲಿಯ ಗಂಟನ್ನು ತಾವೇ ಬಿಚ್ಚಿದರು. ಮೂರು ರೊಟ್ಟಿಯಲ್ಲಿ ಒಂದನ್ನು ತಾವು ಇಟ್ಟುಕೊಂಡು ಎರಡನ್ನು ನನಗೆ ಕೊಟ್ಟರು. "ಗಂಟಿದ್ರ ಜೋಳಿಗಿ. ಗಂಟು ಬಿಚ್ಚಿದ್ರ ಬರೀ ಅರಿವಿ. ಬೆವರು ಒರಸ್ಕೊಳ್ಳಾಕ ಬರ್ತದ. ಹೋಗು."

ಆ ದಿನದ ಪುಟದಲ್ಲಿ: ‘ಕಾಲು’, ಮೂರು. ಈ ಅಂಕಣವನ್ನು ಮೊದಲು ಎಳೆದಿರಲಿಲ್ಲ.

ಅಂದು ವಲಾಂಡಿಯಲ್ಲಿ ಪರಿಚಯದ ಒಕ್ಕಲಿಗರ ಮನೆಯಲ್ಲಿ ಇಳಿದೆ. ಊಟವಾದ ಮೇಲೆ ಮನೆಯ ಯಜಮಾನರು ಹೊಸ ಕೊಟ್ಟಿಗೆಗೆ ಯಾವ ದಿನ ಒಳ್ಳೆಯದು ಎಂದು ಕೇಳಿದರು. ನಾನು ಸೂಟಿಯಲ್ಲಿದ್ದೇನೆ, ಮಾವನಾಗಿ ಹೊರಟಿದ್ದೇನೆ ಎಂದೆ.

"ಮಾವ ಆದೋರಿಗಿ ಸೋಮವಾರ ಯಾವುದು, ಮಂಗಳವಾರ ಯಾವುದು ಗೊತ್ತಿರಲ್ಲೇನ್ರಿ?" ಎಂದು ಅವರು ಹೆಂಡತಿಯ ಕಡೆ ಕಣ್ಣು ಹೊಡೆದರು. ನಾನು ನಕ್ಕೆ, ದಿನ ಹೇಳಲಿಲ್ಲ. ಬಾಯಿ ಸೊನ್ನೆ. ಮನಸ್ಸಿನಲ್ಲಿ ಮಾತ್ರ ಬರುವ ಸೋಮವಾರ ಒಳ್ಳೆಯದೆಂದು ಆಗಲೇ ನೋಡಿಬಿಟ್ಟಿದ್ದೆ.

ಹದಿನಾಲ್ಕರ ಮಧ್ಯಾಹ್ನ ಉದಗೀರ. ಅಕ್ಕ ಬಾಗಿಲಿಗೆ ಬಂದು ನನ್ನ ಮುಖಕ್ಕಿಂತ ಮೊದಲು ಮೊಣಕಾಲು ನೋಡಿದಳು.

"ಎಲ್ಲಿ ಅದು?"

"ಅಣ್ಣನ ಕಾಲಾಗ ಅದ."

"ಗಡಿಯಾಳ?"

"ಅದೂ ಅವನ ಹತ್ರ."

"ವಹಿ?"

ನಾನು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಆಕೆ ನನ್ನ ಚೀಲದ ಕಡೆ ನೋಡಿದಳು, ಕಿವಿಯ ಮೇಲಿನ ಪೆನ್ಸಿಲ್ ನೋಡಿದಳು. "ಇರ್ಲಿ ಬಿಡು. ಕೈ ಕಾಲು ತೊಳ್ಕೋ. ಉಣ್ಣು," ಎಂದಳು. ದೊಡ್ಡ ಮಕ್ಕಳಿಬ್ಬರೂ "ಮಾಮಾ ಬಂದಾ, ಮಾಮಾ ಬಂದಾ" ಎಂದು ಮರಾಠಿಯೋ ಕನ್ನಡವೋ ತಿಳಿಯದಂತೆ ಕೂಗುತ್ತ ಬೀದಿಗೆಲ್ಲ ಸುದ್ದಿ ಹಂಚಿ ಬಂದರು.

ಸಣ್ಣವನಿಗೆ ಹದಿಮೂರು ತಿಂಗಳು. ತಲೆ ತುಂಬ ಕೂದಲು, ಕಣ್ಣ ಮೇಲೆ ಬೀಳುತ್ತಿತ್ತು. ನನ್ನನ್ನು ನೋಡಿದ ಕೂಡಲೇ ತುಟಿ ಡೊಂಕು ಮಾಡಿ ಅತ್ತ. ಆ ದಿನ ಎತ್ತಿಕೊಳ್ಳಲು ಆರು ಸಲ ಪ್ರಯತ್ನಿಸಿದೆ, ಆರು ಸಲವೂ ಅತ್ತ. ಹದಿನೈದರಂದು ಎಂಟು, ಎಂಟೂ ಅಳು. ಹದಿನಾರರಂದು ಬೆಲ್ಲ ತೋರಿಸಿದೆ. ಬೆಲ್ಲ ಕಿತ್ತುಕೊಂಡು ಅತ್ತ. ಉಮರ್ಗಾದ ಮನೆಗಳು ನನ್ನನ್ನು ಬಿಡುತ್ತಿಲ್ಲ, ಉದಗೀರದ ಮಗು ಹಿಡಿಯುತ್ತಿಲ್ಲ. ಭಾವ, "ಇರ್ಲಿ ಬಿಡ್ರಿ, ವಲಾಂಡಿ ದೋಸ್ತರಿಗೆ ಹೇಳಿ ಕಳಿಸಲೇನು?" ಎಂದು ನಕ್ಕರು. ಅಕ್ಕ ನಗಲಿಲ್ಲ.

ಹದಿನೇಳರಂದು ಪಡಸಾಲೆಯಲ್ಲಿ ಮಗುವಿಗೆ ಬೆನ್ನು ಹಾಕಿ ಕೂತು ಬರೆಯುತ್ತಿದ್ದೆ. ಉಮರ್ಗಾದಲ್ಲಿ ಅಣ್ಣ ಈಗ ಎಷ್ಟನೆಯ ಮನೆಯಲ್ಲಿದ್ದಾನೆ ಎಂದು ಲೆಕ್ಕ ಹಾಕುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹಿಂದಿನಿಂದ ಅಂಬೆಗಾಲಿನ ಸದ್ದು. ಮಗು ನನ್ನ ಬೆನ್ನು ಹಿಡಿದು ಎದ್ದು ನಿಂತು, ಕೈ ಚಾಚಿ ಪೆನ್ಸಿಲ್ ಕಿತ್ತುಕೊಂಡಿತು. ನಾನು ಅಲುಗಾಡಲಿಲ್ಲ. ಅದು ಪೆನ್ಸಿಲಿನಿಂದ ನನ್ನ ಬೆನ್ನ ಮೇಲೆ ಏನೋ ಗೀಚಿತು, ಸುತ್ತಿಕೊಂಡು ಮುಂದೆ ಬಂದಿತು, ವಹಿಯ ಮೇಲೆ ಕೂತುಬಿಟ್ಟಿತು. ಅಲ್ಲಿಂದ ನನ್ನ ತೊಡೆಗೆ ಒಂದು ಗೇಣು. ಪೆನ್ಸಿಲ್ ಬಿಟ್ಟುಕೊಟ್ಟರೆ ತೊಡೆಗೆ ಬರುತ್ತದೆ ಎಂದು ಆ ಮಧ್ಯಾಹ್ನ ತಿಳಿಯಿತು. ಆದ್ದರಿಂದ ನನ್ನ ವಹಿಯ ಹದಿನೇಳರ ಪುಟದಲ್ಲಿ ಮಧ್ಯಾಹ್ನದ ಮೇಲೆ ಅವನ ಗೆರೆಗಳೇ ಇವೆ. ನನ್ನ ಗೀಟು ಒಂದೂ ಇಲ್ಲ.

ಹದಿನೆಂಟರಂದು ಜವಳ. ಪಡಸಾಲೆಯಲ್ಲಿ ಮಣೆ ಹಾಕಿದರು. ಬೀದಿಯ ಹೆಂಗಸರು ಬಂದರು. ಕ್ಷೌರಿಕ ಬಂದು ಗೋಡೆಯ ಪಕ್ಕ ಕೂತು ಕತ್ತರಿ ಒರೆಸಿಕೊಂಡ. ಅಯ್ಯನವರು ಅದೇ ಹಿಂದಿನ ಸಲದವರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು.

"ಇವತ್ತ ಅಂಗಳಕ್ಕ ಹೋಗಬೇಕೇನ್ರಿ, ಇಲ್ಲೇ ಕೂಡಬೇಕೋ?"

"ಇಲ್ಲೇ ಕೂಡ್ರಿ. ನಾ ಇವತ್ತ ಹುಡುಗನ ಮಾವ," ಎಂದೆ. ಹೆಂಗಸರು ನಕ್ಕರು. ಅಕ್ಕ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಕೆಯ ಕೈ ಸೊಂಟದ ಮೇಲಿತ್ತು.

ಅಯ್ಯನವರು ತಂಬಿಗೆಯನ್ನು ಎಡಕ್ಕೆ ಇಟ್ಟರು. ನಾವು ಬಲಕ್ಕೆ ಇಡುತ್ತೇವೆ. ಅದನ್ನು ನೋಡಿದೆ. ನನ್ನ ನಾಲಗೆ ಹಲ್ಲಿನ ಹಿಂದೆ ಬಂದು ನಿಂತದ್ದೂ ತಿಳಿಯಿತು. ಅಷ್ಟರಲ್ಲಿ ಅಕ್ಕನ ನಾದಿನಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂಡಿಸಿದಳು.

ಕತ್ತರಿಯ ಮೊದಲ ಸದ್ದಿಗೆ ಮಗು ಮೈ ಬಿಗಿಹಿಡಿಯಿತು. ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದರಲ್ಲಿ ನನ್ನ ಹೆಬ್ಬೆರಳು. ಅಷ್ಟು ಸಣ್ಣ ಕೈಗೆ ಅಷ್ಟು ಬಲ ಎಲ್ಲಿಂದ ಬರುತ್ತದೋ. ತುಟಿ ಡೊಂಕಾಯಿತು. ತಲೆ ಅಲುಗಿದರೆ ಕತ್ತರಿ ತಾಗುತ್ತದೆ. ನಾನು ಅದರ ಗಲ್ಲಕ್ಕೆ ಗಲ್ಲ ಹಚ್ಚಿ, ಬಂಡಿಯವನು ಎತ್ತುಗಳಿಗೆ ಮಾಡುವಂತೆ ನಾಲಗೆಯಿಂದ ಟಕ್ ಟಕ್ ಎಂದೆ. ಮಗು ಅಳು ನಿಲ್ಲಿಸಿ ನನ್ನ ಬಾಯಿ ನೋಡಿತು. ಮತ್ತೆ ಟಕ್ ಟಕ್ ಎಂದೆ. ಅದೂ ನಾಲಗೆ ಹೊರಗೆ ಹಾಕಿ ನೋಡಿತು, ಸದ್ದು ಬರಲಿಲ್ಲ, ಜೊಲ್ಲು ಬಂತು. ಕೂದಲು ನನ್ನ ವಲ್ಲಿಯ ಮೇಲೆ ಬೀಳುತ್ತಿತ್ತು, ರೇಷ್ಮೆಯಷ್ಟು ಮೆತ್ತಗೆ. ನಾಲ್ಕನೆಯ ಸಲವೋ ಐದನೆಯ ಸಲವೋ ಅದಕ್ಕೂ ಸದ್ದು ಬಂತು. ಅದಕ್ಕೇ ಆಶ್ಚರ್ಯವಾಗಿ ಕೇಕೆ ಹಾಕಿ ನಕ್ಕಿತು, ನಕ್ಕ ರಭಸಕ್ಕೆ ನನ್ನ ಧೋತ್ರವೆಲ್ಲ ಬೆಚ್ಚಗೆ ತೊಯ್ದುಹೋಯಿತು.

"ಪಾದೋದಕ ಆತು ಮಾವನಿಗಿ," ಎಂದಳು ನೆರೆಮನೆಯ ಹೆಂಗಸು. ಅಯ್ಯನವರೂ ಹೊಟ್ಟೆ ಹಿಡಿದು ನಕ್ಕರು. ನಾನು ಏಳಲಿಲ್ಲ. ಇನ್ನೂ ಹಿಂದಿನ ಕೂದಲು ಉಳಿದಿತ್ತು.

ಮುಗಿದ ಮೇಲೆ ಅಕ್ಕ ಮಗುವನ್ನು ಎತ್ತಿಕೊಂಡಳು. ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ಆಕೆ ನನ್ನ ಹತ್ತಿರ ನಿಂತು ಸಣ್ಣ ದನಿಯಲ್ಲಿ ಕೇಳಿದಳು.

"ನಮ್ಮ ಸ್ವಾಮೇರು ಬರಾಬರ್ ಮಾಡಿದ್ರೇನು? ನೀರು ಮೊದಲ ಹಾಕಿದ್ರೋ, ವಿಭೂತಿ ಮೊದಲ ಹಚ್ಚಿದ್ರೋ?"

ನಾನು ನೆನಪಿಸಿಕೊಳ್ಳಲು ನೋಡಿದೆ. ತಂಬಿಗೆ ಎಡಕ್ಕಿತ್ತು. ಅಲ್ಲಿಂದ ಮುಂದೆ ಹೆಬ್ಬೆರಳು, ಜೊಲ್ಲು, ಟಕ್ ಟಕ್. ಅಯ್ಯನವರ ಕೈ ಎಲ್ಲೂ ಕಾಣಲಿಲ್ಲ. ಮಗುವಿನ ಹಣೆಯ ಮೇಲೆ ವಿಭೂತಿ ಇತ್ತು, ಹಚ್ಚಿದ್ದಂತೂ ನಿಜ. ಯಾವಾಗ?

"ಯಕ್ಕಾ, ನಾ ನೋಡ್ಲಿಲ್ಲ."

"ನೀ ನೋಡ್ಲಿಲ್ಲ?"

"ಇಲ್ಲ."

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಮಗು ಕೈಯಲ್ಲಿದ್ದುದರಿಂದ ಕಂಬ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಒಳಗೆ ಹೋಗಿ ಭಾವನ ಒಗೆದ ಧೋತ್ರ ತಂದುಕೊಟ್ಟಳು. ಮಗುವಿನ ಮುಷ್ಟಿಯಿಂದ ಪೆನ್ಸಿಲ್ ಬಿಡಿಸಿ ಸೆರಗಿಗೆ ಒರೆಸಿ ನನ್ನ ಕೈಗಿಟ್ಟಳು. ಹಿಂದಿನ ತುದಿ ಪೂರಾ ಹಲ್ಲಿನ ಗುರುತು.

"ತಗೋ. ಈಗ ಬರಕೋ," ಎಂದಳು.

ಬಟ್ಟೆ ಬದಲಿಸಿ ವಹಿ ತೆಗೆದೆ. ತಾರೀಖು, ಊರು, ಬಂದವರ ಸಂಖ್ಯೆ ಬರೆದೆ. ‘ಬಾಯಿ’ಯ ಎದುರು ಸೊನ್ನೆ ಎಂದು ಬರೆಯಲು ಹೋಗಿ ಕೈ ನಿಲ್ಲಿಸಿದೆ. ಟಕ್ ಟಕ್ ಅನ್ನುವುದನ್ನು ಎಲ್ಲಿ ಸೇರಿಸಬೇಕು? ‘ಮನಸ್ಸು’ ಅಂಕಣಕ್ಕೆ ಸೊನ್ನೆಯೂ ಸರಿಹೋಗಲಿಲ್ಲ. ಸೊನ್ನೆ ಬರೆಯಬೇಕಾದರೆ ಯಾರಾದರೂ ಎಣಿಸುತ್ತ ಕೂತಿರಬೇಕು. ಎರಡನ್ನೂ ಖಾಲಿ ಬಿಟ್ಟು ಊಟಕ್ಕೆ ಹೋದೆ. ಅಕ್ಕ ಹೋಳಿಗೆಗೆ ತುಪ್ಪ ಹಾಕುತ್ತಲೇ ಇದ್ದಳು, ಸಾಕು ಎಂದರೂ ಹಾಕಿದಳು.

ಇನ್ನೂ ಐದು ದಿನ ಇದ್ದು ಉಮರ್ಗಾಕ್ಕೆ ಬಂದೆ. ನಲವತ್ತಮೂರು ಮನೆಗಳೂ ಇದ್ದಲ್ಲೇ ಇದ್ದವು. ಮೊದಲ ಬೆಳಗ್ಗೆ ಹತ್ತೊಂಬತ್ತನೆಯ ಮನೆಯ ಮುದುಕಿ, "ಬಂದ್ರಿ? ಸೂಟಿ ಬಂತೇನು?" ಎಂದಳು. "ಬಂತು," ಎಂದೆ. ಇಪ್ಪತ್ತಾರನೆಯ ಮನೆಯಲ್ಲಿ ಎಮ್ಮೆ ಹೇಗಿದೆ ಎಂದು ಕೇಳಿದೆ. ಆ ದಿನ ಹತ್ತೂಮುಕ್ಕಾಲಿಗೆ ಮನೆ ಸೇರಿದೆ. ಇನ್ನು ಮೇಲೆ ತಿಂಗಳಿಗೆ ಎರಡು ದಿನ ತಾನಾಗಿ ಬಂದು ಜಂಗು ಕಟ್ಟಿಕೊಳ್ಳುತ್ತೇನೆ ಎಂದು ಅಣ್ಣ ಹೇಳಿದ್ದಾನೆ. ಇಂದು ಅವನು ಹೋಗಿರುವುದರಿಂದಲೇ ನಾನು ಬರೆಯಲು ಕೂತದ್ದು. ಅವನು ಎಷ್ಟನೆಯ ಮನೆಯಲ್ಲಿದ್ದಾನೋ ತಿಳಿಯದು, ಗಡಿಯಾರ ನೋಡದೆ ಬಹಳ ಹೊತ್ತಾಯಿತು.

ಆ ಎರಡು ಅಂಕಣಗಳಲ್ಲದೆ ವಹಿಯಲ್ಲಿ ಇನ್ನೂ ಎರಡು ಜಾಗ ಖಾಲಿ ಇವೆ. ಹಿಂದೆ ನಡೆಯುವುದು ಎಂಟೇ ದಿನ ಏಕೆ, ಏಳು ಅಥವಾ ಒಂಬತ್ತು ಏಕಲ್ಲ ಎಂದು ಅವ್ವನಿಗೆ ಗೊತ್ತಿಲ್ಲ, ಗುಂಜೋಟಿಯ ದೊಡ್ಡಪ್ಪನಿಗೂ ಗೊತ್ತಿಲ್ಲ. ಬೇರೆ ಊರಿನ ಅಯ್ಯನವರ ಮನೆಗಳಲ್ಲಿ ಈ ಪದ್ಧತಿ ಇದ್ದು, ಕಾರಣ ಬಲ್ಲವರಿದ್ದರೆ ಉಮರ್ಗಾದ ನಮ್ಮ ಮನೆಗೆ ಎರಡು ಸಾಲು ಬರೆದು ತಿಳಿಸಬೇಕು. ಇನ್ನು ಅರ್ದಿಬೆಹಿಷ್ತ್ ಹದಿನೆಂಟರಂದು ಉದಗೀರದ ಆ ಪಡಸಾಲೆಯಲ್ಲಿ ಕೂತಿದ್ದವರಲ್ಲಿ ಯಾರಾದರೂ ಇದನ್ನು ಓದಿದರೆ, ಅಂದು ನೀರು ಮೊದಲೋ ವಿಭೂತಿ ಮೊದಲೋ ಎಂಬುದನ್ನು ಬರೆದು ಕಳಿಸಲಿ. ಯಾರೊಡನೆಯೂ ವಾದಕ್ಕಲ್ಲ. ನನ್ನ ತೊಡೆಯ ಮೇಲೆ ಕೂತಿದ್ದವನು ದೊಡ್ಡವನಾಗಿ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.